ಚಕ್ರಮುನಿ ಸೊಪ್ಪು: ಕಡ್ಡಿಯಿಂದ ಸಸ್ಯಾಭಿವೃದ್ಧಿ, ಬೇಸಾಯ ಕ್ರಮ ಮತ್ತು ಬಳಕೆಯಲ್ಲಿ ವಹಿಸಬೇಕಾದ ಎಚ್ಚರ

ಅಂಗನವಾಡಿ ಹಾಗೂ ಶಾಲೆಗಳ ಕೈತೋಟದ ವಿಷಯವು ಮುಂಗಾರಿನ ಆರಂಭದಲ್ಲಿ ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಚರ್ಚೆಗೆ ಬರುವುದು ವಾಡಿಕೆ. ಬೀಜದ ಪೊಟ್ಟಣಗಳನ್ನು ತರಿಸಲಾಗುತ್ತದೆ. ದಂಟು, ಮೆಂತ್ಯ, ಪಾಲಕ್ ಮೊಳೆಯುತ್ತವೆ. ಎರಡು ಮೂರು ಕೊಯ್ಲಾದ ಬಳಿಕ ಅವು ಹೂವಿಗೆ ಹೋಗುತ್ತವೆ. ಮತ್ತೆ ಬಿತ್ತುವವರಿಲ್ಲದೆ ದಸರಾ ರಜೆಯ ವೇಳೆಗೆ ಪಾತಿ ಬರಿದಾಗುತ್ತದೆ. ಇದು ಬೀಜದ ದೋಷವೂ ಅಲ್ಲ, ಅಂಗನವಾಡಿ ಕಾರ್ಯಕರ್ತೆಯ ದೋಷವೂ ಅಲ್ಲ. ಅಲ್ಪಾವಧಿಯ ಸೊಪ್ಪನ್ನು ವರ್ಷವಿಡೀ ಉಳಿಸಿಕೊಳ್ಳಲು ತಿಂಗಳಿಗೊಮ್ಮೆ ಬಿತ್ತನೆ ಮಾಡುವ ಕೈ ಬೇಕು. ಅಂತಹ ಕೈ ಅಲ್ಲಿ ಬಿಡುವಾಗಿರುವುದಿಲ್ಲ.

ಆದುದರಿಂದ ಒಮ್ಮೆ ನೆಟ್ಟರೆ ಹಲವು ವರ್ಷ ಎಲೆ ಕೊಡುವ ಪೊದೆಗಿಡಗಳತ್ತ ಪಂಚಾಯಿತಿಯ ಗಮನ ಹರಿಯುವುದು ಯುಕ್ತ. ನುಗ್ಗೆ ಮತ್ತು ಕರಿಬೇವು ಎಲ್ಲರಿಗೂ ಪರಿಚಿತ. ಅವುಗಳ ಸಾಲಿಗೆ ಸೇರಬಹುದಾದ, ಕರಾವಳಿ ಹಾಗೂ ಮಲೆನಾಡಿನ ಹಿತ್ತಿಲುಗಳಲ್ಲಿ ಈಗಾಗಲೇ ಬೇಲಿಯಂತೆ ಬೆಳೆಯುತ್ತಿರುವ ಮತ್ತೊಂದು ನಿತ್ಯಹಸಿರಿನ ಗಿಡ ಚಕ್ರಮುನಿ. ಕಾಸು ಖರ್ಚಿಲ್ಲದೆ ಕಡ್ಡಿಯಿಂದ ಇದನ್ನು ಸಾವಿರಕ್ಕೆ ಏರಿಸಬಹುದು. ಆದರೆ ಈ ಸೊಪ್ಪಿನ ಬಳಕೆಗೆ ಒಂದು ಮಿತಿಯಿದೆ. ಸಸಿಯನ್ನು ಹಂಚುವ ಪಂಚಾಯಿತಿಯು ಆ ಮಿತಿಯನ್ನೂ ಸಸಿಯ ಜೊತೆಯಲ್ಲೇ ಹಂಚಬೇಕಾಗುತ್ತದೆ. ಈ ಪಾಠದಲ್ಲಿ ಎರಡನ್ನೂ ವಿವರಿಸಲಾಗಿದೆ.

ಗಿಡದ ಪರಿಚಯ

ಚಕ್ರಮುನಿಯ ಸಸ್ಯಶಾಸ್ತ್ರೀಯ ಹೆಸರು ಸೌರೋಪಸ್ ಆ್ಯಂಡ್ರೋಗೈನಸ್; ಇತ್ತೀಚಿನ ವರ್ಗೀಕರಣದಲ್ಲಿ ಬ್ರೇನಿಯಾ ಆ್ಯಂಡ್ರೋಗೈನಾ. ನೆಲ್ಲಿಯ ಕುಟುಂಬಕ್ಕೆ ಸೇರಿದ್ದು. ದಕ್ಷಿಣ ಹಾಗೂ ಆಗ್ನೇಯ ಏಷ್ಯಾದ ಬೆಚ್ಚನೆಯ, ತೇವವುಳ್ಳ ನಾಡುಗಳು ಇದರ ನೆಲೆ. ಮಲೇಷ್ಯಾದಲ್ಲಿ ಚೆಕುರ್ ಮಾನಿಸ್, ಇಂಡೋನೇಷ್ಯಾದಲ್ಲಿ ಕಾಟುಕ್, ಕೇರಳದಲ್ಲಿ ಮಧುರ ಚೀರ ಎಂಬ ಹೆಸರುಗಳಿವೆ. ನಮ್ಮಲ್ಲಿ ‘ವಿಟಮಿನ್ ಸೊಪ್ಪು’ ಎಂಬ ಹೆಸರೂ ಬಳಕೆಗೆ ಬಂದಿದೆ. ಈ ಹೆಸರು ಗಿಡಕ್ಕೆ ಪ್ರಚಾರ ತಂದುಕೊಟ್ಟಷ್ಟೇ ಅಪಾಯವನ್ನೂ ತಂದಿದೆಯೆನ್ನಬೇಕು. ವಿಟಮಿನ್ ಎಂದಾಕ್ಷಣ ಹೆಚ್ಚು ತಿಂದಷ್ಟೂ ಒಳಿತೆಂಬ ಭಾವನೆ ಮೂಡುವುದು ಸಹಜ.

ಕತ್ತರಿಸದೆ ಬಿಟ್ಟರೆ ಗಿಡವು ಆಳೆತ್ತರವನ್ನು ಮೀರಿ ಬೆಳೆದು ಬಾಗಿ ಬೀಳುತ್ತದೆ. ಸಣ್ಣ ಕವಲುಗಳ ಎರಡೂ ಬದಿಯಲ್ಲಿ ಎಲೆಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ ದೂರಕ್ಕೆ ಇಡೀ ಕವಲೇ ಒಂದು ಗರಿಯಂತೆ ಕಾಣುತ್ತದೆ. ಕೆಲವು ಎಲೆಗಳ ನಡುವೆ ಮಾಸಲು ಬೆಳ್ಳಿಯ ಬಣ್ಣದ ಮಚ್ಚೆಯಿರುತ್ತದೆ. ಎಲೆಯ ಬುಡದಲ್ಲಿ ಚಪ್ಪಟೆಯಾದ ಪುಟ್ಟ ಹೂಗಳು. ಗಂಡು ಹೂ ಹೆಣ್ಣು ಹೂ ಒಂದೇ ಗಿಡದಲ್ಲಿ. ಕೆಂಪು ಪುಷ್ಪಪಾತ್ರೆಯ ಕೆಳಗೆ ಜೋತುಬಿದ್ದ ಬಿಳಿ ಅಥವಾ ನಸುಗೆಂಪು ಗುಂಡುಕಾಯಿ ಈ ಗಿಡದ ನಿಶ್ಚಿತ ಗುರುತು. ಬೇಲಿಗಳಲ್ಲಿ ಇದೇ ಕುಟುಂಬದ, ಎಲೆಯ ಜೋಡಣೆಯಲ್ಲಿ ಇದನ್ನೇ ಹೋಲುವ ಬೇರೆ ಪೊದೆಗಳೂ ಇರುವುದರಿಂದ, ಹೂವು ಕಾಯಿಗಳನ್ನು ಕಂಡು ಗುರುತಿಸಿದ, ಮನೆಯವರು ವರ್ಷಗಳಿಂದ ಅಡುಗೆಗೆ ಬಳಸುತ್ತಿರುವ ಗಿಡದಿಂದಲೇ ಕಡ್ಡಿಯನ್ನು ಪಡೆಯತಕ್ಕದ್ದು. ರಸ್ತೆಬದಿಯ ಪೊದೆಯಿಂದ ಅಂದಾಜಿನ ಮೇಲೆ ಕಡ್ಡಿ ತಂದು ಮಕ್ಕಳ ತೋಟದಲ್ಲಿ ನೆಡುವುದು ಸಲ್ಲದು.

ಪ್ರಕೃತಿಯಿಂದ ಇದು ಸುಕುಮಾರ ಗಿಡ. ಹಿಮ ಬೀಳುವ ಚಳಿಯನ್ನು ತಾಳದು. ಬಯಲುಸೀಮೆಯ ಒಣ ಬಿಸಿಲಿನಲ್ಲಿ ನೀರಿಲ್ಲದೆ ನಿಂತರೆ ಎಲೆ ಉದುರಿಸುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ಅರೆನೆರಳನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತದೆ. ಬೇರೆ ತರಕಾರಿ ಬಾರದ ಕಡೆ, ಅಂಗನವಾಡಿ ಕಟ್ಟಡದ ಪೂರ್ವದ ಗೋಡೆಯ ಬದಿಯಲ್ಲಿ, ತೆಂಗು ಅಥವಾ ನುಗ್ಗೆಯ ನೆರಳಿನಲ್ಲಿ ಇದು ಚೆನ್ನಾಗಿ ಬರುತ್ತದೆ. ಬಯಲುಸೀಮೆಯ ಪಂಚಾಯಿತಿಗಳು ಇಂತಹ ನೆರಳಿನ ಜಾಗವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಕಡ್ಡಿಯಿಂದ ಸಸಿ ಮಾಡುವ ಕ್ರಮ

ಬೀಜದಿಂದಲೂ ಗಿಡವಾಗುತ್ತದೆ. ಆದರೆ ಬೀಜದ ಮೊಳೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಕುಂದುವುದರಿಂದಲೂ ಬೀಜದ ಸಸಿ ಬೆಳೆಯಲು ಹೆಚ್ಚು ಕಾಲ ತೆಗೆದುಕೊಳ್ಳುವುದರಿಂದಲೂ ಪಂಚಾಯಿತಿಯ ಕೆಲಸಕ್ಕೆ ಅದು ಒಗ್ಗದು. ಕಾಂಡದ ತುಂಡೇ, ಅಂದರೆ ಕಡ್ಡಿಯೇ ಸರಿಯಾದ ಮಾರ್ಗ.

ಕಡ್ಡಿಯ ಆಯ್ಕೆಯಲ್ಲಿ ಅರ್ಧ ಯಶಸ್ಸು ಅಡಗಿದೆ. ತುದಿಯ ಹಸಿರು ಕಾಂಡ ಬಾಡಿ ಕೊಳೆಯುತ್ತದೆ. ಬುಡದ ಹಳೆಯ, ಬಿರಿದ ತೊಗಟೆಯ ಕಾಂಡ ನಿಧಾನವಾಗಿ ಬೇರೊಡೆಯುತ್ತದೆ. ಇವೆರಡರ ನಡುವಿನ, ಹಸಿರು ಮಾಸಿ ಕಂದು ತಿರುಗುತ್ತಿರುವ, ಪೆನ್ಸಿಲ್ ಗಾತ್ರದ ಭಾಗವೇ ಯೋಗ್ಯ. ಅದನ್ನು 20ರಿಂದ 30 ಸೆಂಟಿಮೀಟರ್ ಉದ್ದಕ್ಕೆ, ಪ್ರತಿ ತುಂಡಿನಲ್ಲಿ ಕನಿಷ್ಠ 4 ಗೆಣ್ಣುಗಳಿರುವಂತೆ ಹರಿತವಾದ ಕತ್ತಿಯಿಂದ ಕತ್ತರಿಸಬೇಕು. ಬುಡದ ಕೊಯ್ತ ಓರೆಯಾಗಿ, ಗೆಣ್ಣಿನ ಸ್ವಲ್ಪ ಕೆಳಗೆ. ತಲೆಯ ಕೊಯ್ತ ನೇರವಾಗಿ. ಈ ಭೇದಕ್ಕೆ ಕಾರಣವುಂಟು. ನೂರಾರು ಕಡ್ಡಿಗಳು ಕಂತೆಯಲ್ಲಿ ಬೆರೆತಾಗ ಯಾವುದು ಬುಡ ಯಾವುದು ತಲೆ ಎಂದು ತಿಳಿಯದೆ ತಲೆಕೆಳಗಾಗಿ ನೆಡುವ ಸಂಭವ ಹೆಚ್ಚು. ಹಾಗೆ ನೆಟ್ಟ ಕಡ್ಡಿ ಕೆಡುತ್ತದೆ. ಕೆಳಗಿನ ಎಲೆಗಳನ್ನೆಲ್ಲ ತೆಗೆದು ತಲೆಯಲ್ಲಿ ಒಂದೆರಡನ್ನು ಮಾತ್ರ, ಅದೂ ಅರ್ಧಕ್ಕೆ ಕತ್ತರಿಸಿ ಉಳಿಸಬೇಕು. ಬೇರಿಲ್ಲದ ಕಡ್ಡಿಯಿಂದ ಎಲೆಯ ಮೂಲಕ ನೀರು ಆವಿಯಾಗಿ ಹೋಗುವುದನ್ನು ಇದು ತಡೆಯುತ್ತದೆ.

ಕತ್ತರಿಸಿದ ದಿನವೇ ನೆಡುವುದು ಒಳ್ಳೆಯದು. ಒಂದು ಗ್ರಾಮದಿಂದ ಇನ್ನೊಂದಕ್ಕೆ ಸಾಗಿಸಬೇಕಾದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಟ್ಟು ಮರುದಿನದೊಳಗೆ ನೆಡಬೇಕು. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸೇರಿಸಿದ ಮಿಶ್ರಣ ಸಾಕು. ಕಳಿಯದ ಗೊಬ್ಬರವನ್ನು ಹಾಕಿದರೆ ಅದರ ಕಾವಿಗೆ ಕಡ್ಡಿಯ ಬುಡ ಕೊಳೆಯುತ್ತದೆ. ಕಪ್ಪು ಮಣ್ಣಿನ ಪ್ರದೇಶದಲ್ಲಿ ಮರಳಿನ ಪಾಲನ್ನು ಹೆಚ್ಚಿಸಬೇಕು. ಪ್ಲಾಸ್ಟಿಕ್ ಚೀಲವೇ ಆಗಬೇಕೆಂದಿಲ್ಲ. ಅಡಿಕೆ ಹಾಳೆಯ ದೊನ್ನೆ, ತಳಕ್ಕೆ ತೂತು ಮಾಡಿದ ಹಳೆಯ ಡಬ್ಬಿ, ಇಲ್ಲವೆ ನೆರಳಿನಲ್ಲಿ ಏರುಮಡಿ ಮಾಡಿ 10 ಸೆಂಟಿಮೀಟರ್ ಅಂತರದಲ್ಲಿ ಊರಿದರೂ ನಡೆಯುತ್ತದೆ. ಎರಡು ಗೆಣ್ಣುಗಳು ಮಣ್ಣಿನೊಳಗಿರಬೇಕು. ನೆಟ್ಟ ಮೇಲೆ ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ, ಕಡ್ಡಿಯ ಸುತ್ತ ಗಾಳಿಯ ಸಂದು ಉಳಿಯದಂತೆ ಮಾಡಬೇಕು.

ಇಲ್ಲಿಂದ ಮುಂದೆ ಬಹುಪಾಲು ಸಸಿಮಡಿಗಳಲ್ಲಿ ನಡೆಯುವ ತಪ್ಪೊಂದಿದೆ. ಅದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ನೆಟ್ಟ ಎರಡು ವಾರಗಳಲ್ಲಿ ಕಡ್ಡಿಯ ಮೇಲೆ ಹಸಿರು ಚಿಗುರು ಕಾಣಿಸಿಕೊಳ್ಳುತ್ತದೆ. ‘ಸಸಿ ಹಿಡಿಯಿತು’ ಎಂದು ಭಾವಿಸಿ ಕೂಡಲೇ ವಿತರಣೆಯ ದಿನಾಂಕ ಗೊತ್ತುಮಾಡಲಾಗುತ್ತದೆ. ವಾಸ್ತವದಲ್ಲಿ ಆ ಮೊದಲ ಚಿಗುರು ಕಡ್ಡಿಯಲ್ಲೇ ಸಂಗ್ರಹವಾಗಿದ್ದ ಆಹಾರದಿಂದ ಬಂದದ್ದು; ಬೇರು ಆಗಷ್ಟೇ ಮೂಡುತ್ತಿರುತ್ತದೆ, ಕೆಲವೊಮ್ಮೆ ಮೂಡಿಯೇ ಇರುವುದಿಲ್ಲ. ಅಂತಹ ಸಸಿಯನ್ನು ಕಿತ್ತು ಸಾಗಿಸಿದರೆ ಎಳೆಬೇರು ಮುರಿದು ಗಿಡ ಸಾಯುತ್ತದೆ. ಬೇರು ಬಂದಿದೆಯೇ ಎಂದು ಕಡ್ಡಿಯನ್ನು ಅಲ್ಲಾಡಿಸಿ ನೋಡುವುದೂ ಅದೇ ಹಾನಿಯನ್ನು ಮಾಡುತ್ತದೆ. ನೆಟ್ಟ ದಿನದಿಂದ 6ರಿಂದ 8 ವಾರ ನೆರಳಿನಲ್ಲಿರಿಸಿ, ಎರಡನೆಯ ಸುತ್ತಿನ ಎಲೆಗಳು ಬಲಿತ ಮೇಲೆ, ಚೀಲದ ತಳದ ತೂತಿನಲ್ಲಿ ಬಿಳಿಬೇರು ಕಂಡ ಮೇಲೆ, ಒಂದು ವಾರ ಸ್ವಲ್ಪಸ್ವಲ್ಪ ಬಿಸಿಲಿಗೆ ಒಗ್ಗಿಸಿ ಆನಂತರ ಹಂಚಬೇಕು. ಈ ಅವಧಿಯಲ್ಲಿ ಮಣ್ಣು ಒಣಗಬಾರದು, ಕೆಸರೂ ಆಗಬಾರದು.

ಲೆಕ್ಕವನ್ನು ಹಿಂದಿನಿಂದ ಮಾಡುವುದು ಅನುಕೂಲ. ಜುಲೈ ಮಳೆಯಲ್ಲಿ ಸಸಿ ನೆಲಕ್ಕೆ ಇಳಿಯಬೇಕಾದರೆ ಕಡ್ಡಿ ಮೇ ತಿಂಗಳಲ್ಲಿ ಸಸಿಮಡಿಗೆ ಬಂದಿರಬೇಕು. ಅದಕ್ಕೆ ನೀರಿನ ಹೊಣೆ ಏಪ್ರಿಲ್ ಸಭೆಯಲ್ಲೇ ಗೊತ್ತಾಗಿರಬೇಕು. ಜೂನ್ ಸಭೆಯಲ್ಲಿ ನಿರ್ಣಯ ಮಾಡಿ ಜೂನ್‌ನಲ್ಲೇ ಸಸಿ ಕೇಳಿದರೆ ಸಿಗುವುದು ಬೇರಿಲ್ಲದ ಕಡ್ಡಿ ಮಾತ್ರ. ಪ್ರಮಾಣದ ವಿಷಯಕ್ಕೆ ಬಂದರೆ, ಚೆನ್ನಾಗಿ ಬೆಳೆದ ಒಂದು ಪೊದೆಯಿಂದ 20 ಕಡ್ಡಿ ದೊರೆಯುವುದೆಂದು ಹಿಡಿದರೂ 10 ತಾಯಿಗಿಡಗಳಿಂದ 200 ಕಡ್ಡಿಗಳಾಗುತ್ತವೆ. ಕಾಲುಭಾಗ ಕೆಟ್ಟಿತೆಂದರೂ 150 ಸಸಿ ಉಳಿಯುತ್ತವೆ. ಅಂಗನವಾಡಿಯೊಂದಕ್ಕೆ 10ರಂತೆ ಇದು 15 ಅಂಗನವಾಡಿಗಳಿಗೆ ಸಾಕು. ಹೊರಗಿನಿಂದ ಸಸಿ ಖರೀದಿಸುವ ಪ್ರಸ್ತಾವ ಬಂದಾಗ ಸದಸ್ಯರು ಈ ಲೆಕ್ಕವನ್ನು ಮುಂದಿಡಬಹುದು. ಪಂಚಾಯಿತಿ ಕಚೇರಿಯ ಆವರಣದಲ್ಲೋ ಸ್ವಸಹಾಯ ಸಂಘದ ಸದಸ್ಯೆಯೊಬ್ಬರ ಹಿತ್ತಿಲಲ್ಲೋ 10 ತಾಯಿಗಿಡಗಳ ಒಂದು ಸಾಲನ್ನು ಕಾಯ್ದಿರಿಸಿ, ಅದರಿಂದ ಸೊಪ್ಪನ್ನು ಕೊಯ್ಯದೆ ಕಾಂಡ ಬಲಿಯಲು ಬಿಟ್ಟರೆ ಮುಂದಿನ ವರ್ಷಗಳಲ್ಲಿ ಕಡ್ಡಿಗಾಗಿ ಯಾರನ್ನೂ ಕೇಳಬೇಕಾಗಿಲ್ಲ.

ನಾಟಿ ಮತ್ತು ಆರೈಕೆ

ಒಂದಡಿ ಆಳ, ಒಂದಡಿ ಅಗಲದ ಗುಂಡಿ ಅಥವಾ ಕಾಲುವೆ ತೆಗೆದು, ಮೇಲ್ಮಣ್ಣಿಗೆ ಒಂದೆರಡು ಬುಟ್ಟಿ ಗೊಬ್ಬರ ಬೆರೆಸಿ ತುಂಬಬೇಕು. ಬೇಲಿಯಂತೆ ಸಾಲಾಗಿ ನೆಡುವುದಾದರೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಮೂರಡಿ. ಮಲೆನಾಡು ಹಾಗೂ ಕರಾವಳಿಯಲ್ಲಿ ನೆಲದ ಮಟ್ಟಕ್ಕಿಂತ ಏರಿಸಿದ ದಿಬ್ಬದ ಮೇಲೆ ನೆಡಬೇಕು. ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧವಾಗಿ, ನೀರು ನಿಲ್ಲುವಷ್ಟಲ್ಲದಿದ್ದರೂ ಇಂಗುವಂತೆ ಬುಡದ ಸುತ್ತ ತಗ್ಗಿನ ಪಾತಿ ಇರಬೇಕು. ಒಣಹುಲ್ಲು, ತರಗು, ತೆಂಗಿನ ಸಿಪ್ಪೆ ಏನಾದರೂ ಬುಡಕ್ಕೆ ಹೊದಿಕೆಯಾಗಲಿ.

ಕೈತೊಳೆಯುವ ನಲ್ಲಿಯ ನೀರನ್ನು ಗಿಡದ ಬುಡಕ್ಕೆ ಹರಿಸುವುದು ಒಳ್ಳೆಯ ಪದ್ಧತಿ. ಆದರೆ ಊರಿನ ಚರಂಡಿಯ ನೀರು ಅಥವಾ ಶೌಚಾಲಯದ ಗುಂಡಿಯ ಸೋರಿಕೆ ಬರುವ ಜಾಗದಲ್ಲಿ ಎಲೆ ತಿನ್ನುವ ಯಾವ ಗಿಡವನ್ನೂ ನೆಡತಕ್ಕದ್ದಲ್ಲ. ತೋಟದ ನಕ್ಷೆಯನ್ನು ಒಪ್ಪುವ ಮುನ್ನ ಸದಸ್ಯರು ಸ್ಥಳಕ್ಕೆ ಹೋಗಿ ಚರಂಡಿಯ ಇಳಿಜಾರು ಯಾವ ಕಡೆಗಿದೆಯೆಂದು ನೋಡುವುದು ಅಗತ್ಯ. ಮೇಕೆಗಳಿಗೂ ಈ ಸೊಪ್ಪು ಪ್ರಿಯ; ಬೇಲಿಯಿಲ್ಲದ ಆವರಣದಲ್ಲಿ ಗಿಡ ಉಳಿಯುವುದಿಲ್ಲ.

ಗಿಡ ಒಂದೂವರೆ ಅಡಿ ಬೆಳೆದಾಗ ಕುಡಿ ಚಿವುಟಬೇಕು. ಪಕ್ಕದ ಕವಲುಗಳು ಒಡೆದು ಪೊದೆಯಾಗುತ್ತದೆ. ಮುಂದೆ ಸೊಂಟದೆತ್ತರವನ್ನು ಮೀರದಂತೆ ಸವರುತ್ತಿದ್ದರೆ ಕೊಯ್ಲಿಗೆ ಸುಲಭ. ಸವರಿದ ಬಲಿತ ಕಾಂಡಗಳೇ ಮುಂದಿನ ಕಡ್ಡಿಗಳಾಗುತ್ತವೆ. ನಾಟಿಯಾದ ಮೂರು ನಾಲ್ಕು ತಿಂಗಳಿಗೆ ಮೊದಲ ಕೊಯ್ಲು. ತುದಿಯ ಗೇಣುದ್ದ ಎಳೆಕವಲನ್ನು ಮಾತ್ರ ಕತ್ತರಿಸಿ, ಗಿಡದ ಮೇಲೆ ಮೂರನೆಯ ಒಂದು ಪಾಲಾದರೂ ಎಲೆ ಉಳಿಸಬೇಕು. ಮೂರು ವಾರಕ್ಕೊಮ್ಮೆ ಹೀಗೆ ಕೊಯ್ಯಬಹುದು. ಪೂರ್ತಿ ಬೋಳಿಸಿದ ಗಿಡ ಬೇಸಗೆಯಲ್ಲಿ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ವರ್ಷಕ್ಕೆರಡು ಸಲ, ಮುಂಗಾರಿನ ಮೊದಲು ಹಾಗೂ ಹಿಂಗಾರಿನ ಕೊನೆಗೆ, ಗಿಡವೊಂದಕ್ಕೆ ಎರಡು ಮೂರು ಕಿಲೋ ಗೊಬ್ಬರ ಸಾಕು. ಕೀಟದ ಉಪಟಳ ಕಡಿಮೆ. ಎಲೆ ತಿನ್ನುವ ಹುಳು ಕಂಡರೆ ಕೈಯಿಂದ ಆರಿಸಿ ತೆಗೆಯುವುದು. ಮಕ್ಕಳು ತಿನ್ನುವ ಸೊಪ್ಪಿಗೆ ರಾಸಾಯನಿಕ ಕೀಟನಾಶಕದ ಪ್ರಶ್ನೆಯೇ ಇಲ್ಲ.

ಬೇಸಗೆ ರಜೆಯೇ ನಿಜವಾದ ಪರೀಕ್ಷೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶಾಲೆಗೆ ಬೀಗ, ಗಿಡಕ್ಕೆ ನೀರಿಲ್ಲ. ಆ ಎರಡು ತಿಂಗಳಿಗೆ ವಾರಕ್ಕೆರಡು ಬಾರಿ ನೀರುಣಿಸುವ ಹೊಣೆಯನ್ನು ನೀರುಗಂಟಿಗೋ ಸ್ವಸಹಾಯ ಸಂಘಕ್ಕೋ ಬರವಣಿಗೆಯಲ್ಲಿ ವಹಿಸದಿದ್ದರೆ ಹಿಂದಿನ ಶ್ರಮವೆಲ್ಲ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು.

ಬಳಕೆ: ಏಕೆ ಎಚ್ಚರ ಬೇಕು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ರಾಜ್ಯದಲ್ಲಿ 5 ವರ್ಷದೊಳಗಿನ ಪ್ರತಿ ಹತ್ತು ಮಕ್ಕಳಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿದೆ. ಹಸಿರು ಸೊಪ್ಪಿನ ಅಗತ್ಯ ಇದರಿಂದ ಸ್ಪಷ್ಟ. ಚಕ್ರಮುನಿಯ 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 5ರಿಂದ 7 ಗ್ರಾಂ ಪ್ರೋಟೀನ್ ಇರುತ್ತದೆ. ಸೊಪ್ಪುಗಳ ಪೈಕಿ ಇದು ಉತ್ತಮ ಪ್ರಮಾಣ. ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಕ್ಯಾರೋಟಿನ್, ವಿಟಮಿನ್ ಸಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಅಂಶಗಳೂ ಧಾರಾಳವಾಗಿವೆ. ಆದರೂ ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಪೂರ್ಣವಾಗಿ ಹೀರಿಕೊಳ್ಳಲಾರದು. ಆದ್ದರಿಂದ ಆರೋಗ್ಯ ಇಲಾಖೆ ನೀಡುವ ಕಬ್ಬಿಣದ ಮಾತ್ರೆಗೆ ಈ ಸೊಪ್ಪು ಬದಲಿಯಾಗುವುದಿಲ್ಲ. ಮಾತ್ರೆಯ ವಿತರಣೆ ಎಂದಿನಂತೆ ನಡೆಯಬೇಕು.

ಎಚ್ಚರದ ಕಾರಣವನ್ನು ತಿಳಿಯಲು ತೈವಾನ್ ದೇಶದ ಪ್ರಕರಣವನ್ನು ನೋಡಬೇಕಾಗುತ್ತದೆ. ಅಲ್ಲಿಗೆ ಈ ಗಿಡ ಆಗ್ನೇಯ ಏಷ್ಯಾದಿಂದ ಹೊಸದಾಗಿ ಬಂದಿತ್ತು. 1994–95ರ ಸುಮಾರಿಗೆ, ಇದರ ಹಸಿ ಎಲೆಯ ರಸ ಕುಡಿದರೆ ದೇಹದ ತೂಕ ಇಳಿಯುತ್ತದೆಂಬ ಸುದ್ದಿ ಹರಡಿತು. ಅನೇಕರು, ಬಹುತೇಕ ಮಹಿಳೆಯರು, ಸೀಬೆ ಇಲ್ಲವೆ ಅನಾನಸಿನ ರಸದೊಂದಿಗೆ ಹಸಿ ಎಲೆಯನ್ನು ಅರೆದು ದಿನವೂ ಕುಡಿಯತೊಡಗಿದರು. ವಾರಗಳು ಕಳೆದಂತೆ ಅವರಲ್ಲಿ ಕೆಮ್ಮು, ಉಬ್ಬಸ, ನಾಲ್ಕು ಹೆಜ್ಜೆ ನಡೆದರೂ ಏದುಸಿರು ಕಾಣಿಸಿಕೊಂಡವು. ಶ್ವಾಸಕೋಶದ ಅತಿ ಸಣ್ಣ ಗಾಳಿನಾಳಗಳು ಗಾಯಗೊಂಡು ಮುಚ್ಚಿಹೋಗುವ ರೋಗವೆಂದು ವೈದ್ಯರು ಗುರುತಿಸಿದರು. ರೋಗಕ್ಕೆ ಗುರಿಯಾದವರ ಸಂಖ್ಯೆ 200ನ್ನು ಮೀರಿತು. ರಸ ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹಾನಿಯಾದ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಔಷಧಿಗಳು ಹೆಚ್ಚು ಫಲ ಕೊಡಲಿಲ್ಲ. ಕೆಲವರು ತೀರಿಕೊಂಡರು, ಕೆಲವರಿಗೆ ಶ್ವಾಸಕೋಶ ಕಸಿ ಮಾಡಬೇಕಾಯಿತು. ಕೆಲವು ವರ್ಷಗಳ ಬಳಿಕ, 2003ರಲ್ಲಿ, ಜಪಾನಿನಲ್ಲಿಯೂ ಇದೇ ಎಲೆಯ ಪುಡಿಯನ್ನು ಆರೋಗ್ಯವರ್ಧಕವೆಂದು ಸೇವಿಸಿದವರಲ್ಲಿ ಇಂತಹುದೇ ರೋಗ ಕಂಡು, ಅಲ್ಲಿನ ಸರ್ಕಾರ ಜನರನ್ನು ಎಚ್ಚರಿಸಿತು.

ಎಲೆಯಲ್ಲಿರುವ ಪಪಾವೆರಿನ್ ಎಂಬ ಕ್ಷಾರಸತ್ವದ ಮೇಲೆ ಮೊದಲು ಸಂಶಯ ಬಿದ್ದಿತಾದರೂ ಯಾವ ವಸ್ತು ಈ ಹಾನಿಗೆ ಕಾರಣವೆಂಬುದು ವೈದ್ಯವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೀಗಿರುವಾಗ ಇಷ್ಟು ಗ್ರಾಂವರೆಗೆ ಅಪಾಯವಿಲ್ಲವೆಂದು ಗೆರೆ ಎಳೆಯಲು ಬಾರದು. ಇನ್ನೊಂದೆಡೆ ಮಲೇಷ್ಯಾ, ಇಂಡೋನೇಷ್ಯಾ ಹಾಗೂ ವಿಯೆಟ್ನಾಂಗಳಲ್ಲಿ ತಲೆಮಾರುಗಳಿಂದ ಜನರು ಇದನ್ನು ಸಾರಿಗೆ, ಪಲ್ಯಕ್ಕೆ ಬೇಯಿಸಿ ಉಣ್ಣುತ್ತ ಬಂದಿದ್ದಾರೆ. ಅಲ್ಲಿ ಇಂತಹ ರೋಗದ ಅಲೆ ಎದ್ದಿಲ್ಲ. ಬೇಯಿಸಿದ ಎಲೆಗೂ ಹಸಿ ರಸಕ್ಕೂ, ಊಟದ ಒಂದು ಪದಾರ್ಥಕ್ಕೂ ದಿನನಿತ್ಯದ ಔಷಧಿಗೂ ಇರುವ ವ್ಯತ್ಯಾಸ ಇಲ್ಲಿ ನಿರ್ಣಾಯಕ. ಬೇಯಿಸಿದ್ದರೂ ದಿನವೂ ಹೇರಳವಾಗಿ ತಿನ್ನುವುದು ವಿವೇಕವಲ್ಲ.

ಆದುದರಿಂದ ಅಂಗನವಾಡಿ ಹಾಗೂ ಬಿಸಿಯೂಟದ ಅಡುಗೆಮನೆಗಳಲ್ಲಿ ಈ ಸೊಪ್ಪನ್ನು ವಾರಕ್ಕೆ ಒಂದೇ ದಿನ, ಹೆಚ್ಚೆಂದರೆ ಎರಡು ದಿನ, ಬೇಳೆಯೊಂದಿಗೆ ಚೆನ್ನಾಗಿ ಬೇಯಿಸಿ ಬಳಸಬೇಕು. ಉಳಿದ ದಿನಗಳಿಗೆ ನುಗ್ಗೆ, ದಂಟು, ಬಸಳೆ, ಹೊನಗೊನ್ನೆ ಇವೆ. ಸಾಂಬಾರಿಗೆ ಬಳಸುವ ಸೊಪ್ಪಿನಲ್ಲಿ ಅರ್ಧ ಭಾಗ ಇದು, ಅರ್ಧ ಭಾಗ ಬೇರೆ ಸೊಪ್ಪು ಎಂದಿಟ್ಟುಕೊಂಡರೆ ಮಕ್ಕಳ ನಾಲಿಗೆಗೂ ಹಿತ. ಬೇಯಿಸುವಾಗ ವಿಟಮಿನ್ ಸಿ ಬಹುಮಟ್ಟಿಗೆ ನಾಶವಾಗುತ್ತದೆ. ಆ ಕೊರತೆಯನ್ನು ಬಡಿಸುವಾಗ ಹಿಂಡಿದ ನಿಂಬೆಹಣ್ಣು ತುಂಬುತ್ತದೆ, ಕಬ್ಬಿಣದ ಹೀರಿಕೆಗೂ ಅದು ನೆರವಾಗುತ್ತದೆ. ವಿಟಮಿನ್ ಉಳಿಯಲೆಂದು ಅರೆಬೇಯಿಸುವುದಾಗಲಿ ಹಸಿ ಚಟ್ನಿ ಮಾಡುವುದಾಗಲಿ ಬೇಡ. ಎಲೆಯನ್ನು ಒಣಗಿಸಿ ಪುಡಿಮಾಡಿ ಪೊಟ್ಟಣದಲ್ಲಿ ಮಾರುವ ಯೋಜನೆಯನ್ನು ಯಾವುದಾದರೂ ಸಂಘ ಮುಂದಿಟ್ಟರೆ ಜಪಾನಿನ ಪ್ರಕರಣವನ್ನು ತಿಳಿಸಿ ನಿರಾಕರಿಸುವುದೇ ಸರಿ. ತೂಕ ಇಳಿಸಲು, ಮಧುಮೇಹಕ್ಕೆ, ಬಾಣಂತಿಯ ಹಾಲು ಹೆಚ್ಚಿಸಲು ಹಸಿ ರಸ ಕುಡಿಯಿರೆಂದು ಮೊಬೈಲಿನಲ್ಲಿ ಬರುವ ಸಂದೇಶಗಳ ಬಗ್ಗೆ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಿಳಿವಳಿಕೆ ನೀಡಬೇಕು. ಸೊಪ್ಪು ಅಥವಾ ರಸದ ಸೇವನೆಯ ನಂತರ ಬಿಡದ ಕೆಮ್ಮು, ಏದುಸಿರು ಕಂಡವರು ಸೇವನೆಯನ್ನು ನಿಲ್ಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ತಾವು ತಿಂದದ್ದನ್ನು ವೈದ್ಯರಿಗೆ ಹೇಳಬೇಕು.

ಪಂಚಾಯಿತಿಯ ಹಂತದಲ್ಲಿ

ತಾಯಿಗಿಡ ಹಾಗೂ ಸಸಿಮಡಿಯ ವಿಷಯವು ಉತ್ಪಾದನಾ ಸ್ಥಾಯಿ ಸಮಿತಿಯ ವ್ಯಾಪ್ತಿಗೆ, ಅಡುಗೆಮನೆಯ ವಿಷಯವು ಆರೋಗ್ಯ ಮತ್ತು ಶಿಕ್ಷಣವನ್ನು ನೋಡುವ ಸೌಲಭ್ಯ ಸ್ಥಾಯಿ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಎರಡು ಸಮಿತಿಗಳು ಬೇರೆಬೇರೆಯಾಗಿ ಕೆಲಸ ಮಾಡಿದರೆ ಸಸಿ ಒಂದು ದಾರಿಯಲ್ಲಿ, ಎಚ್ಚರಿಕೆಯ ಮಾತು ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಸಸಿ ವಿತರಣೆಯ ದಿನವೇ ಅಂಗನವಾಡಿ ಕಾರ್ಯಕರ್ತೆಯರನ್ನೂ ಬಿಸಿಯೂಟದ ಅಡುಗೆಯವರನ್ನೂ ಕರೆದು, ಗಿಡವನ್ನು ತೋರಿಸಿ, ಬೇಯಿಸುವ ಕ್ರಮವನ್ನು ಬಾಯಿಮಾತಿನಲ್ಲಿ ಹೇಳಿ, ಅಡುಗೆಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದು ಅಪೇಕ್ಷಣೀಯ: ‘ಚಕ್ರಮುನಿ: ಬೇಯಿಸಿಯೇ ಬಳಸಿ. ವಾರಕ್ಕೆ ಒಂದು ಅಥವಾ ಎರಡು ದಿನ ಮಾತ್ರ. ಹಸಿ ರಸ ಬೇಡ.’ ಓದಲು ಬಾರದ ಅಡುಗೆಯವರಿದ್ದಲ್ಲಿ ವಾರದ ಅಡುಗೆ ಪಟ್ಟಿಯಲ್ಲಿ ಈ ಸೊಪ್ಪಿನ ದಿನಕ್ಕೆ ಎಲೆಯ ಚಿತ್ರ ಬಿಡಿಸಿದರೆ ಸಾಕು. ಮನೆಗಳಿಗೆ ಸಸಿ ಕೊಡುವಾಗಲೂ ಇದೇ ಕ್ರಮ. ವಿತರಣಾ ವಹಿಯಲ್ಲಿ ಪಡೆದವರ ಸಹಿಯ ಜೊತೆಗೆ, ಬಳಕೆಯ ಸೂಚನೆಯನ್ನು ತಿಳಿಸಲಾಗಿದೆಯೆಂಬ ಒಂದು ಕಲಂ ಇರಲಿ. ನಾಟಿಯಾದ ಆರು ತಿಂಗಳ ಬಳಿಕ ಉಳಿದಿರುವ ಗಿಡಗಳನ್ನು ಎಣಿಸಿ ಅದೇ ವಹಿಯಲ್ಲಿ ದಾಖಲಿಸಲಿ.